ಯಾಸೀನ್ ರೆಕಾರ್ಡಿಂಗಿನ ಬೆಳಗು

ಪ್ರಸಾರಕ್ಕೆ ತಿಲಾವತ್ (ಕುರಾನ್ ಪಠಣ) ರೆಕಾರ್ಡ್ ಮಾಡಲು ಮೈಸೂರಿನ ಉದಯಗಿರಿ ಕಡೆ ಬೆಳಗಿನ ಹೊತ್ತೇ ಸರಿ. ಬೆಳಗಿನ ಜಾವದ ಫಜರ್ ನಮಾಜ್ ಆದಮೇಲೆ ಮಧ್ಯಾಹ್ನದ ಜೊಹರ್‌ವರೆಗೆ ಯಾವ ಮಸೀದಿಯ ಅಜಾನೂ ಮೈಕಿಗೆ ನುಗ್ಗುವುದಿಲ್ಲ. ಸ್ಕೂಲ್ ಆಟೋಗಳ ಗಲಾಟೆ ಶುರುವಾಗುವ ಮೊದಲು ಅರ್ಧ ಕೆಲಸ ಆಗಿರಬೇಕು, ಅಷ್ಟೇ. ರಂಜಾನ್ ಕಾರ್ಯಕ್ರಮವಾದರೂ ರೆಕಾರ್ಡಿಂಗ್ ರಂಜಾನ್‌ಗೆ ಮುಂಚೆಯೇ. ಆಮೇಲೆ ಹಗಲೆಲ್ಲ ಉಪವಾಸದ ಒಣ ಗಂಟಲು, ರಾತ್ರಿ ತರಾವೀಹ್ (ರಂಜಾನಿನ ವಿಶೇಷ ನಮಾಜ್) ಓದಿ ದಣಿದ ದನಿ.

ಮೊನ್ನೆ ಕುರಾನಿನ ಅಧ್ಯಾಯ ಸೂರಾ ಯಾಸೀನ್ ಇತ್ತು. ಕುರಾನ್ ಓದುವ ಖಾರಿ ಸಾಹೇಬರು ವುಜೂ ಮಾಡಿ (ಕೈಕಾಲು ಮುಖ ತೊಳೆದು ಶುದ್ಧರಾಗಿ) ಕೂತರು. ಫ್ಯಾನು, ಏಸಿ ಬಂದ್. ಕುಡಿಯಲು ಉಗುರುಬೆಚ್ಚಗಿನ ನೀರು. ಹಾಲು ಹಾಕಿದ ಚಹಾ ರೆಕಾರ್ಡಿಂಗ್ ಮುಗಿದ ಮೇಲೆ. ಮೊದಲೇ ಕುಡಿದರೆ ಗಂಟಲು ಅಂಟಂಟಾಗುತ್ತದೆ.

ಮಸೀದಿಯ ಮೈಕಿಗೆ ಒಗ್ಗಿದವರು ಬಾಯನ್ನು ಹತ್ತಿರ ತರುತ್ತಾರೆ. ಇಲ್ಲಿ ಮೈಕು ಒಂದೂವರೆ ಗೇಣು ದೂರ, ಸ್ವಲ್ಪ ಓರೆಯಾಗಿ. ಖಾಫ್, ತ್ವಾ, ಬಾ, ಜೀಮ್, ದಾಲ್ ಈ ಐದು ಅರಬ್ಬಿ ಅಕ್ಷರಗಳಿಗೆ ಸುಕೂನ್ (ಸ್ವರ ಇಲ್ಲವೆಂಬ ಗುರುತು) ಬಂದರೆ ದನಿ ಪುಟಿಯಬೇಕು, ಅದೇ ಖಲ್ಖಲಾ. ಪಾಪ್ ಫಿಲ್ಟರ್ ಇಲ್ಲದಿದ್ದರೆ 'ಬಾ' ಮೈಕಿಗೆ ಗುದ್ದುತ್ತದೆ. ಪ್ರತಿಧ್ವನಿ ಇಲ್ಲದ ಕೋಣೆಯಲ್ಲಿ ದನಿ ಸಾಲದು ಅನ್ನಿಸಿ ಖಾರಿಗಳು ಗಂಟಲಿಗೆ ಬಲ ಹಾಕುವುದೂ ಉಂಟು. ಹಾಗಾಗಿ ಹೆಡ್‌ಫೋನಿನಲ್ಲಿ ಮಾತ್ರ ಸ್ವಲ್ಪ ರಿವರ್ಬ್ ಕೊಡುತ್ತೇವೆ.

ಒಂದು ಮದ್ (ಸ್ವರ ಎಳೆಯುವುದು) ಗಿಡ್ಡವಾದರೆ ಆ ಪದವೊಂದನ್ನೇ ತೇಪೆ ಹಾಕುವಂತಿಲ್ಲ. "ಹಜರತ್, ಹಿಂದಿನ ಆಯತ್‌ನಿಂದ (ವಚನದಿಂದ) ತಗೊಳ್ಳಿ" ಎಂದು ಹಿಂದಿನದನ್ನು ಕಿವಿಗೆ ಕೇಳಿಸಿ ಶ್ರುತಿ ಹಿಡಿಸಬೇಕು. ಅಳತೆಯಲ್ಲಿ ಅನುಮಾನ ಬಂದರೆ ಈಜಿಪ್ಟಿನ ಶೇಖ್ ಹುಸರಿಯವರ 1961ರ ಸಂಪೂರ್ಣ ಕುರಾನ್ ರೆಕಾರ್ಡಿಂಗ್ ಇದೆ, ಹಚ್ಚಿ ಕೇಳಿದರಾಯಿತು.

ಯಾಸೀನಿನ ಅಪಾಯ ಇರುವುದು 52ನೇ ಆಯತ್‌ನಲ್ಲಿ. 'ಮಿನ್ ಮರ್ಖದಿನಾ' ಆದಮೇಲೆ ಸಕ್ತಾ: ದನಿ ನಿಲ್ಲಬೇಕು, ಉಸಿರು ತೆಗೆದುಕೊಳ್ಳಬಾರದು. ಮಲಗಿದ್ದಲ್ಲಿಂದ ನಮ್ಮನ್ನು ಎಬ್ಬಿಸಿದವರು ಯಾರು ಎನ್ನುವ ಪ್ರಶ್ನೆ ಅಲ್ಲಿಗೆ ಮುಗಿದು, ಇದು ರಹ್ಮಾನ್ (ಕರುಣಾಮಯಿ ಅಲ್ಲಾಹ್) ಕೊಟ್ಟ ಮಾತು ಎಂಬ ಉತ್ತರ ಶುರುವಾಗುತ್ತದೆ. ಎರಡನ್ನೂ ಕೂಡಿಸಿ ಓದಿದರೆ 'ಇದು' ಹಿಂದಿನ ಮಾತಿಗೆ ಅಂಟಿಕೊಂಡು ಅರ್ಥ ಕೆಡುತ್ತದೆ. ಖಾಲಿ ಜಾಗ ತೆಗೆಯುವ ಸಾಫ್ಟ್‌ವೇರ್ ಬಟನ್ ಒತ್ತಿದಿರೋ, ಸಕ್ತಾ ಮಾಯ. ಸಣ್ಣ ಸದ್ದನ್ನು ಕತ್ತರಿಸುವ ನಾಯ್ಸ್ ಗೇಟೂ ಅಷ್ಟೇ, ವಕ್ಫ್ ಮಾಡುವಾಗ (ಓದು ನಿಲ್ಲಿಸುವಾಗ) ಕೊನೆಗೆ ಬರುವ ಹಗುರ 'ಹಾ' ನುಂಗಿಬಿಡುತ್ತದೆ. ಗದ್ದಲ ಬೇಡವಾದರೆ ಫ್ಯಾನ್ ನಿಲ್ಲಿಸಿ, ಎಡಿಟಿಂಗಿನಲ್ಲಿ ತೊಳೆಯಬೇಡಿ.

83 ಆಯತ್‌ಗಳನ್ನು ನಿಧಾನವಾಗಿ ಓದಿದರೆ ಕಾಲು ಗಂಟೆ ದಾಟುತ್ತದೆ, ಎರಡು ಕಂತು ಮಾಡಲೇಬೇಕು. ಪಾರಾ (ಕುರಾನಿನ ಮೂವತ್ತು ಭಾಗಗಳಲ್ಲಿ ಒಂದು) ಮುಗಿಯುವಲ್ಲಿ ಕತ್ತರಿಸೋಣ ಎಂದು ಕಾರ್ಯಕ್ರಮದವರು ಹೇಳುವುದುಂಟು. ನಮ್ಮಲ್ಲಿನ ಮುಸ್ಹಫ್‌ಗಳಲ್ಲಿ (ಕುರಾನ್ ಪ್ರತಿಗಳಲ್ಲಿ) 22ನೇ ಪಾರಾ ಮುಗಿಯುವುದು 21ನೇ ಆಯತ್‌ಗೆ. ಸೂರಾದ ಕಥೆಯಲ್ಲಿ ಊರಂಚಿನಿಂದ ಓಡಿಬಂದ ಮನುಷ್ಯನ ಮಾತು ಅಲ್ಲಿ ಇನ್ನೂ ಅರ್ಧದಲ್ಲಿರುತ್ತದೆ. ಅಂಚಿನಲ್ಲಿ 'ಐನ್' ಗುರುತಿರುವ ರುಕೂ (ವಿಷಯಕ್ಕೆ ತಕ್ಕ ವಿಭಾಗ) ನೋಡಿ 32ಕ್ಕೋ 50ಕ್ಕೋ ನಿಲ್ಲಿಸುವುದು ಸರಿ. ಖಾರಿ ಸಾಹೇಬರು 50 ಎಂದರು. ಮುಂದಿನ ಕಂತು ಕಹಳೆ ಊದುವಲ್ಲಿಂದ.

ಕೊನೆಗೆ ಕುರಾನ್ ಬಾಯಿಪಾಠ ಇರುವ ಇನ್ನೊಬ್ಬ ಹಾಫಿಜರು ಮುಸ್ಹಫ್ ತೆರೆದುಕೊಂಡು ಪೂರ್ತಿ ಕೇಳಿ ಸರಿ ಅನ್ನುವವರೆಗೆ ಫೈಲ್ ಸ್ಟುಡಿಯೋ ದಾಟುವುದಿಲ್ಲ.