ಎಂಜಿನ್ ಕಿತ್ತು ಮೋಟರ್ ಹಾಕಿದ ಕಾರು, ಕಂಪನಿಯ ಇವಿ

ಹಳೆ ಪೆಟ್ರೋಲ್ ಕಾರಿನ ಎಂಜಿನ್ ಕಿತ್ತು, ಮೋಟರು ಬ್ಯಾಟರಿ ಹಾಕಿ ಓಡಿಸುವ ವಿಡಿಯೋ ನೋಡಿದವರಿಗೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಇಷ್ಟೇನಾ? ಹಾಗಾದರೆ ಕಂಪನಿಯೇ ಮಾಡಿದ ಇವಿಗೆ, ಅಂದರೆ ಎಲೆಕ್ಟ್ರಿಕ್ ಕಾರಿಗೆ, ಅಷ್ಟೊಂದು ದುಡ್ಡು ಯಾಕೆ ಸುರಿಯಬೇಕು? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಉಳಿಸೋಣ ಅಂತ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಬೇರೆ ಒಳ್ಳೆಯ ಕಾರಣಗಳಿವೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೋಟರ್ ಕೂರಿಸುವುದು ನಿಜಕ್ಕೂ ದೊಡ್ಡ ಮಾತಲ್ಲ. ಹೆಚ್ಚಿನವರು ಹಳೆ ಗೇರ್‌ಬಾಕ್ಸನ್ನು ಹಾಗೇ ಉಳಿಸಿಕೊಳ್ಳುತ್ತಾರೆ. ಎಂಜಿನ್ ಇದ್ದ ಜಾಗಕ್ಕೆ ಮೋಟರ್ ಬರುತ್ತದೆ, ಎರಡರ ನಡುವೆ ದಪ್ಪ ಅಲ್ಯೂಮಿನಿಯಂನ ಅಡಾಪ್ಟರ್ ಪ್ಲೇಟ್, ಜೊತೆಗೆ ಎರಡು ಶಾಫ್ಟ್ ಸೇರಿಸುವ ಕಪ್ಲರ್. ಶಾಫ್ಟ್‌ಗಳು ಒಂದೇ ನೇರಕ್ಕೆ ಇರಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ಮೊದಲು ಸಣ್ಣ ನಡುಕ, ಆಮೇಲೆ ಬೇರಿಂಗ್ ಸದ್ದು, ಕೊನೆಗೆ ಎಲ್ಲವನ್ನೂ ಮತ್ತೆ ಇಳಿಸುವ ಕೆಲಸ. ಲೇತ್ ಮೇಲೆ ಕೈ ಪಳಗಿದವರೊಬ್ಬರು ಸಿಕ್ಕರೆ ಇಷ್ಟು ಮುಗಿಯಿತು. ಮೋಟರಿಗೆ ನಿಂತಲ್ಲೇ ಪೂರ್ತಿ ಟಾರ್ಕ್ (ತಿರುಗಿಸುವ ಬಲ) ಇರುವುದರಿಂದ ಎರಡನೇ ಗೇರಿನಲ್ಲೇ ಹೊರಡಬಹುದು.

ಕಷ್ಟ ಶುರುವಾಗುವುದು ಎಂಜಿನ್ ಹೊರಗೆ ಹೋದ ಮೇಲೆ. ಅದು ಬರೀ ಚಕ್ರ ತಿರುಗಿಸುತ್ತಿರಲಿಲ್ಲ, ಸದ್ದಿಲ್ಲದೆ ಇನ್ನೂ ಹತ್ತು ಕೆಲಸ ಮಾಡುತ್ತಿತ್ತು. ಬ್ರೇಕ್ ಒತ್ತುವ ಕಾಲಿಗೆ ಬಲ ಸೇರಿಸುವ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ (ಗಾಳಿಯ ಹೀರುವಿಕೆ) ಅದರದ್ದೇ. ಅದಿಲ್ಲದೆ ಪೆಡಲ್ ಒತ್ತಿದರೆ ಕಲ್ಲು ತುಳಿದಂತೆ ಇರುತ್ತದೆ, ಅದೂ ಬ್ಯಾಟರಿ ಸೇರಿ ಕಾರು ಮೊದಲಿಗಿಂತ ಭಾರವಾಗಿರುವಾಗ. ಹಾಗಾಗಿ ಎಲೆಕ್ಟ್ರಿಕ್ ವ್ಯಾಕ್ಯೂಮ್ ಪಂಪ್, ಅದಕ್ಕೊಂದು ಸ್ವಿಚ್, ವ್ಯಾಕ್ಯೂಮ್ ಹಿಡಿದಿಡಲು ಸಣ್ಣ ಟ್ಯಾಂಕ್ ಬೇಕು. ಎಂಜಿನ್ ಸದ್ದು ಇಲ್ಲದ ಕಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಈ ಪಂಪು ಗುರ್ ಅನ್ನುವುದು ಚೆನ್ನಾಗಿ ಕೇಳಿಸುತ್ತದೆ! ದೀಪ, ಹಾರ್ನ್‌ಗಳ ಸಣ್ಣ ಬ್ಯಾಟರಿ ತುಂಬಿಸುತ್ತಿದ್ದ ಆಲ್ಟರ್ನೇಟರ್ ಹೋಯಿತು, ಆ ಜಾಗಕ್ಕೆ ದೊಡ್ಡ ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಡಿಸಿ-ಡಿಸಿ ಕನ್ವರ್ಟರ್. ಹೀಟರಿಗೆ ಬಿಸಿ ನೀರಿಲ್ಲ, ಎಲೆಕ್ಟ್ರಿಕ್ ಹೀಟರ್ ಹಾಕಬೇಕು. ಪವರ್ ಸ್ಟಿಯರಿಂಗ್ ಪಂಪು, ಏಸಿ ಕಂಪ್ರೆಸರ್ ಕಥೆಯೂ ಇದೇ. ಕಾರು ಸ್ವಲ್ಪ ಹೊಸದಾಗಿದ್ದರೆ ಇನ್ನೂ ತಲೆನೋವು. ಎಬಿಎಸ್, ಏರ್‌ಬ್ಯಾಗ್, ಡ್ಯಾಶ್‌ಬೋರ್ಡ್ ಎಲ್ಲ ಒಂದಕ್ಕೊಂದು ಮಾತಾಡುವ ಕಾರುಗಳವು, ಎಂಜಿನ್ ಕಂಪ್ಯೂಟರ್ ಸುಮ್ಮನಾದರೆ ಉಳಿದವು ಎಚ್ಚರಿಕೆ ದೀಪ ಹಚ್ಚಿಕೊಂಡು ಕೂರುತ್ತವೆ. ಅದಕ್ಕೇ ಕಾರು ಹಳೆಯದಾದಷ್ಟೂ ಕನ್ವರ್ಟ್ ಮಾಡಲು ಸುಲಭ.

ಕಂಪನಿಯವರು ಇದನ್ನೆಲ್ಲ ಮೊದಲೇ ಒಟ್ಟಿಗೆ ಕೂತು ಯೋಚಿಸಿರುತ್ತಾರೆ. 1996ರಲ್ಲಿ ಜನರಲ್ ಮೋಟರ್ಸ್ ತಂದ ಇವಿ1 ನೋಡಿ. ಮೊದಲ ಮಾದರಿಯಲ್ಲಿ ಇದ್ದದ್ದು ಲೆಡ್ ಆಸಿಡ್ ಬ್ಯಾಟರಿ, ಆ ಕಾಲದಲ್ಲಿ ಗ್ಯಾರೇಜಿನಲ್ಲಿ ಕಾರು ಕಟ್ಟುವವರು ಬಳಸುತ್ತಿದ್ದ ಜಾತಿಯದ್ದೇ. ಆದರೆ ಅದರ ಡ್ರ್ಯಾಗ್ ಗುಣಾಂಕ 0.19. ಈ ಅಂಕಿ ಕಡಿಮೆ ಇದ್ದಷ್ಟೂ ಕಾರು ಗಾಳಿಯನ್ನು ಸುಲಭವಾಗಿ ಸೀಳಿಕೊಂಡು ಹೋಗುತ್ತದೆ. ಇವತ್ತಿನ ಎಷ್ಟೋ ಕಾರುಗಳಿಗೂ ಅದು ಎಟುಕುವುದಿಲ್ಲ. ಗ್ಯಾರೇಜಿನವರು ಪೆಟ್ಟಿಗೆಯಂಥ ಕಾರಿನ ಮೈಗೆ ಫೋರ್ಕ್‌ಲಿಫ್ಟ್‌ನ (ಸರಕು ಎತ್ತುವ ಗಾಡಿಯ) ಮೋಟರ್ ಕಟ್ಟಿ ಗಾಳಿಯ ಜೊತೆ ಗುದ್ದಾಡುತ್ತಿದ್ದರು. ಬ್ಯಾಟರಿ ಒಂದೇ ಆದರೂ ಕಾರು ಒಂದೇ ಅಲ್ಲ.

ಈಗ ಲಿಥಿಯಂ ಬಂದು ತೂಕದ ಲೆಕ್ಕವೇ ಬದಲಾಗಿದೆ. 2010ರ ಕೊನೆಗೆ ಬಂದ ನಿಸಾನ್ ಲೀಫ್‌ನ 24 ಕಿಲೋವ್ಯಾಟ್ ಅವರ್ ಬ್ಯಾಟರಿ ಸುಮಾರು 300 ಕೆಜಿ. ಅಷ್ಟನ್ನೇ ಲೆಡ್ ಆಸಿಡ್‌ನಲ್ಲಿ ಕಟ್ಟಲು ಹೋದರೆ ಅದರ ಎರಡು ಪಟ್ಟಿಗಿಂತ ಜಾಸ್ತಿ. ತಮಾಷೆ ಏನೆಂದರೆ, ಇವತ್ತು ಮನೆಯಲ್ಲಿ ಕಟ್ಟುವ ಕಾರುಗಳ ಹೊಟ್ಟೆಯಲ್ಲಿ ಇರುವುದು ಎಷ್ಟೋ ಸಲ ಅಪಘಾತವಾದ ಲೀಫ್‌ನದ್ದೇ ಮೋಟರು, ಲೀಫ್‌ನದ್ದೇ ಬ್ಯಾಟರಿ. ಕಂಪನಿಯ ಇವಿ ಇಲ್ಲದಿದ್ದರೆ ಈ ಹವ್ಯಾಸ ಇಷ್ಟು ಬೆಳೆಯುತ್ತಲೇ ಇರಲಿಲ್ಲ.

ಆದರೆ ಬ್ಯಾಟರಿ ಸಿಕ್ಕ ಮಾತ್ರಕ್ಕೆ ಆಗಲಿಲ್ಲ, ಅದನ್ನು ಇಡುವುದೆಲ್ಲಿ? ಕಂಪನಿಯ ಕಾರಿನಲ್ಲಿ ನೆಲದ ಕೆಳಗೆ ಚಪ್ಪಟೆಯಾಗಿ ಮಲಗಿರುತ್ತದೆ, ಸುತ್ತ ಗಟ್ಟಿ ಚೌಕಟ್ಟು. ಕನ್ವರ್ಟ್ ಮಾಡಿದ ಕಾರಿನಲ್ಲಿ ಬಾನೆಟ್ ಕೆಳಗೆ ಒಂದಷ್ಟು, ಡಿಕ್ಕಿಯಲ್ಲಿ ಒಂದಷ್ಟು. ಲಗೇಜಿಗೆ ಜಾಗವಿಲ್ಲ, ಹಿಂದಿನ ಸ್ಪ್ರಿಂಗ್ ಕುಸಿಯುತ್ತದೆ. ಇನ್ನು ಆ ಕಾರನ್ನು ಗೋಡೆಗೆ ಗುದ್ದಿಸಿ ಯಾರೂ ಪರೀಕ್ಷೆ ಮಾಡಿರುವುದಿಲ್ಲ. ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸ ಇದೇ, ಮೈಲೇಜ್ ಅಲ್ಲ.

ಸಣ್ಣದೊಂದು ಭಾಗ ತೋರಿಸುತ್ತೇನೆ, ಪ್ರೀಚಾರ್ಜ್ ರೆಸಿಸ್ಟರ್. ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹೊಂದಿಸಿ ಕೊಡುವ ಇನ್ವರ್ಟರಿನೊಳಗೆ ಕರೆಂಟ್ ಕ್ಷಣಕಾಲ ಹಿಡಿದಿಡುವ ದೊಡ್ಡ ಕೆಪಾಸಿಟರ್‌ಗಳಿರುತ್ತವೆ. ಖಾಲಿ ಇರುವಾಗ ಅವಕ್ಕೆ 350 ವೋಲ್ಟ್ ನೇರವಾಗಿ ಕೊಟ್ಟರೆ ಒಂದೇ ಏಟಿಗೆ ಭಾರೀ ಕರೆಂಟ್ ನುಗ್ಗುತ್ತದೆ. ಬ್ಯಾಟರಿಯನ್ನು ಜೋಡಿಸುವ ದೊಡ್ಡ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರಿನ ತುದಿಗಳು ಕಿಡಿ ಹಾರಿ ಬೆಸೆದುಕೊಳ್ಳುತ್ತವೆ. ಬೆಸೆದುಕೊಂಡರೆ ಕೀ ತಿರುಗಿಸಿ ಆಫ್ ಮಾಡಿದರೂ ಬ್ಯಾಟರಿ ಆಫ್ ಆಗುವುದಿಲ್ಲ. ಹಾಗಾಗಿ ಮೊದಲು ಸಣ್ಣ ರಿಲೇ ಒಂದು ರೆಸಿಸ್ಟರ್ ಮೂಲಕ ಕೆಪಾಸಿಟರನ್ನು ನಿಧಾನ ತುಂಬಿಸುತ್ತದೆ, ವೋಲ್ಟೇಜ್ ಸಮಕ್ಕೆ ಬಂದ ಮೇಲೆ ದೊಡ್ಡ ಕಾಂಟ್ಯಾಕ್ಟರ್ ಟಕ್ ಅಂತ ಕೂರುತ್ತದೆ. ಕಂಪನಿಯ ಇವಿ ಓಡಿಸುವವರಿಗೆ ಇಂಥದ್ದೊಂದು ಇದೆ ಅಂತ ಗೊತ್ತಿರಬೇಕಾಗಿಯೇ ಇಲ್ಲ. ಮನೆಯಲ್ಲಿ ಕಟ್ಟುವವರಿಗೆ ಗೊತ್ತಿರಲೇಬೇಕು.

ಚಾರ್ಜಿಂಗ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಎಸಿ ಚಾರ್ಜಿಂಗ್, ಅಂದರೆ ಮನೆಯ ಕರೆಂಟಿನಂಥದ್ದರಿಂದ ನಿಧಾನ ತುಂಬಿಸುವುದು, ಸುಲಭ, ಚಾರ್ಜರ್ ಮತ್ತು ಕಾರು ಸಂಕೇತ ಕೊಟ್ಟುಕೊಳ್ಳುವ ಪೈಲಟ್ ತಂತಿಯಲ್ಲಿ ಒಂದೆರಡು ರೆಸಿಸ್ಟರ್ ಮತ್ತು ಡಯೋಡ್ ತೋರಿಸಿದರೆ ಚಾರ್ಜರ್ ಒಪ್ಪಿಕೊಳ್ಳುತ್ತದೆ. ಡಿಸಿ ಫಾಸ್ಟ್ ಚಾರ್ಜಿಂಗ್ ಹಾಗಲ್ಲ, ಎಷ್ಟು ವೋಲ್ಟ್, ಎಷ್ಟು ಆಂಪ್ ಬೇಕು ಅಂತ ಕಾರು ಚಾರ್ಜರಿಗೆ ಹೇಳುತ್ತಲೇ ಇರಬೇಕು. ಮಾಡಿದವರಿದ್ದಾರೆ, ಆದರೆ ಹೆಚ್ಚಿನವರು ರಾತ್ರಿ ಪ್ಲಗ್ ಹಾಕಿ ಮಲಗುತ್ತಾರೆ. ದೂರದ ಊರಿಗೆ ಕಂಪನಿಯ ಕಾರೇ ಸರಿ.

ಹಾಗಾದರೆ ಕನ್ವರ್ಟ್ ಯಾಕೆ ಮಾಡಬೇಕು? ಕಾರು ನಿಜವಾಗಿ ನಿಮ್ಮದಾಗುತ್ತದೆ, ಅದಕ್ಕೆ. ಇವಿ1 ಕಾರುಗಳನ್ನು ಕಂಪನಿ ಲೀಸಿಗೆ ಮಾತ್ರ ಕೊಟ್ಟಿತ್ತು. ಆಮೇಲೆ ಓಡಿಸುತ್ತಿದ್ದವರು ಬೇಡ ಬೇಡ ಎಂದರೂ ವಾಪಸ್ ತೆಗೆದುಕೊಂಡು ಹೆಚ್ಚಿನವನ್ನು ಪುಡಿ ಮಾಡಿಸಿತು. ಅಷ್ಟು ದೂರ ಹೋಗುವುದೇ ಬೇಡ. ಇವತ್ತಿನ ಇವಿಗಳ ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇರುತ್ತದೆ, ಅಲ್ಲಿಯವರೆಗೆ ನಿಶ್ಚಿಂತೆ. ಅದು ಮುಗಿದ ಮೇಲೆ ಒಂದೆರಡು ಸೆಲ್ ಕೈಕೊಟ್ಟರೂ ಪೂರ್ತಿ ಪ್ಯಾಕ್ ಬದಲಾಯಿಸಿ ಅನ್ನುವ ಮಾತು ಕೇಳಬೇಕಾಗಬಹುದು. ತಾನೇ ಕಟ್ಟಿದವನು ಮಲ್ಟಿಮೀಟರ್ ಹಿಡಿದು ಡಬ್ಬಿ ಬಿಚ್ಚುತ್ತಾನೆ. ಎಲ್ಲ ಸೆಲ್ 3.3 ವೋಲ್ಟ್ ತೋರಿಸುವಾಗ ಒಂದು 2.9ಕ್ಕೆ ಬಿದ್ದಿದ್ದರೆ ಅದೇ ಕಳ್ಳ. ಅದನ್ನು ಬದಲಾಯಿಸಿ ಮುಚ್ಚಳ ಹಾಕುತ್ತಾನೆ. ನಾಳೆ ಇನ್ನೂ ಒಳ್ಳೆಯ ಸೆಲ್ ಬಂದರೆ ಅದನ್ನೂ ಹಾಕುತ್ತಾನೆ, ಯಾರನ್ನೂ ಕೇಳಬೇಕಾಗಿಲ್ಲ.

ಮನೆಗೆ ಒಂದೇ ಕಾರು ಅಂದರೆ ಕಂಪನಿಯದ್ದನ್ನೇ ತಗೊಳ್ಳಿ. ಇನ್ನೊಂದು ಇದ್ದು, ಹಳೆಯ, ಹಗುರದ, ನೀವು ಬಿಡಲಾರದ ಕಾರೊಂದು ಮೂಲೆಯಲ್ಲಿ ನಿಂತಿದ್ದರೆ ಧೈರ್ಯ ಮಾಡಬಹುದು. ನೋಂದಣಿಗೆ, ವಿಮೆಗೆ ಏನು ಕೇಳುತ್ತಾರೆ ಅಂತ ಮೊದಲೇ ವಿಚಾರಿಸಿಕೊಳ್ಳಿ. ಮತ್ತೆ, ಎಂಜಿನ್ ಇಳಿಸುವ ಮುಂಚೆ ಕಾರನ್ನು ತೂಕದ ಕಾಟಾಕ್ಕೆ ಒಯ್ದು ಮುಂದಿನ ಚಕ್ರದ ತೂಕ, ಹಿಂದಿನ ಚಕ್ರದ ತೂಕ ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಯಾವ ಕಡೆಗೆ ಎಷ್ಟು ಬ್ಯಾಟರಿ ಅನ್ನುವುದನ್ನು ಅದನ್ನು ನೋಡಿಯೇ ನಿರ್ಧರಿಸಬೇಕಾಗುತ್ತದೆ.