ಹಿತ್ತಲ ಬಾಗಿಲಿಗೆ ಕಿಂಡಿ ಯಾಕೆ ಕೊರೆಸಿದ್ರಿ?

ನಮ್ಮ ಮನೆಗೆ ಮೊದಲ ಸಲ ಬಂದವರು ಅಡುಗೆಮನೆಗೆ ಕಾಲಿಟ್ಟರೆ ಸಾಕು, ಅವರ ಕಣ್ಣು ಹಿತ್ತಲ ಬಾಗಿಲಿನ ಕೆಳಭಾಗಕ್ಕೆ ಹೋಗುತ್ತದೆ. ಅಲ್ಲೊಂದು ಚೌಕದ ಕಿಂಡಿ ಇದೆ. ಕಿಂಡಿಗೆ ಆಚೆ ಈಚೆ ಕಾಣುವಂಥ ಪ್ಲಾಸ್ಟಿಕ್ಕಿನ ಪುಟ್ಟ ಬಾಗಿಲಿದೆ. ನಮ್ಮ ಬೆಕ್ಕು ಚುಕ್ಕಿ ಅದನ್ನು ತಲೆಯಿಂದ ತಳ್ಳಿಕೊಂಡು ಓಡಾಡುತ್ತಾಳೆ.

ಆಮೇಲೆ ಪ್ರಶ್ನೆ ಬಂದೇ ಬರುತ್ತದೆ. "ಅಲ್ಲ ಕಣಮ್ಮ, ಗಟ್ಟಿಮುಟ್ಟಾದ ಬಾಗಿಲಿಗೆ ಯಾರಾದ್ರೂ ತೂತು ಕೊರೆಸ್ತಾರಾ? ಹಾವು ಬರಲ್ವಾ? ಕಳ್ಳ ಕೈ ಹಾಕಲ್ವಾ?" ಊರು ಚಿತ್ರದುರ್ಗ ನೋಡಿ, ಇಲ್ಲಿ ಕಿಂಡಿ ಅಂದ ತಕ್ಷಣ ಎಲ್ಲರಿಗೂ ಓಬವ್ವನ ಕಿಂಡಿ ನೆನಪಾಗುತ್ತದೆ. ಹೈದರಾಲಿಯ ಸೈನಿಕರು ಕೋಟೆಯೊಳಗೆ ನುಸುಳಿದ್ದು ಅಂಥದ್ದೊಂದು ಸಂದಿನಿಂದಲೇ. ಒನಕೆ ಹಿಡಿದು ನಿಂತ ಓಬವ್ವ ಇದ್ದಳು, ತಡೆದಳು. "ನಿಮ್ಮ ಕಿಂಡಿಗೆ ಕಾವಲು ಯಾರು?" ಅಂತ ಪಕ್ಕದ ಮನೆಯ ಅಜ್ಜಿ ನಿಜವಾದ ಕಾಳಜಿಯಿಂದಲೇ ಕೇಳಿದ್ದರು. ಅವರಿಗೆ ಅವತ್ತು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಾವು ಕಿಂಡಿ ಕೊರೆಸಿದ್ದೇ ಬಾಗಿಲು ಹಾಕೋದಕ್ಕೆ.

ನಮ್ಮ ಮನೆ ಇರುವುದು ಜೋಗಿಮಟ್ಟಿ ರಸ್ತೆಯ ಕಡೆ. ಹಿತ್ತಲಿನ ಆಚೆ ಬಂಡೆಗಳು, ಬಂಡೆ ಸಂದಿಯಲ್ಲಿ ಸೀತಾಫಲದ ಗಿಡಗಳು. ಚುಕ್ಕಿ ಬಂದ ಮೇಲೆ ಎರಡು ವರ್ಷ ಆ ಬಾಗಿಲನ್ನು ನಾವು ಪೂರ್ತಿ ಹಾಕಿದ ದಿನವೇ ಕಡಿಮೆ. ನಾಲ್ಕು ಬೆರಳು ಸಂದು ಬಿಟ್ಟು ಇಟ್ಟಿಗೆ ಒತ್ತು ಕೊಡುತ್ತಿದ್ದೆವು. ಬೆಕ್ಕಿಗೆ ಅಂತ ಬಿಟ್ಟ ಸಂದಿನಲ್ಲಿ ಬರಬಾರದ್ದೆಲ್ಲ ಬಂತು. ಸಂಜೆಯಾದರೆ ಸೊಳ್ಳೆ. ಒಂದು ಮಧ್ಯಾಹ್ನ ಕೋತಿ ಬಂದು ರೊಟ್ಟಿ ಬುಟ್ಟಿಯನ್ನೇ ಎತ್ತಿಕೊಂಡು ಹೋಯಿತು. ಚಳ್ಳಕೆರೆ ಕಡೆಯ ಚಿಕ್ಕಪ್ಪ ಪ್ರತಿ ವರ್ಷ ಶೇಂಗಾ ಕಳಿಸುತ್ತಾರೆ. ಶೇಂಗಾ ಹುಡುಕಿಕೊಂಡು ಇಲಿ, ಇಲಿ ಹುಡುಕಿಕೊಂಡು ಹಾವು. ಒಂದು ಮಳೆಗಾಲದ ರಾತ್ರಿ ಚೀಲದ ಹಿಂದೆ ಕೇರೆ ಹಾವು ಸುತ್ತಿಕೊಂಡು ಮಲಗಿತ್ತು. ಕೇರೆಗೆ ವಿಷ ಇಲ್ಲ, ಗೊತ್ತು. ಆದರೆ ಅದು ಬಂದ ದಾರಿಯಲ್ಲೇ ನಾಗರಹಾವೂ ಬರಬಹುದಿತ್ತು.

ಬಾಗಿಲು ಹಾಕಿಕೊಂಡ ರಾತ್ರಿ ಇನ್ನೊಂದು ಕಷ್ಟ. ನಸುಕು ಮತ್ತು ಮುಸ್ಸಂಜೆ ಬೆಕ್ಕುಗಳ ಓಡಾಟದ ಹೊತ್ತು. ಹೊರಗೆ ಉಳಿದ ಚುಕ್ಕಿ 4 ಗಂಟೆಗೆಲ್ಲ ಬಂದು ಬಾಗಿಲು ಕೆರೆಯುತ್ತಿದ್ದಳು. ಅಮ್ಮನ ನಿದ್ದೆ ತೆಳು. ನೋಯುವ ಮಂಡಿ ಹಿಡಿದುಕೊಂಡು ಎದ್ದು ಹೋಗುತ್ತಿದ್ದರು. "ನೀನ್ಯಾಕಮ್ಮ ಏಳ್ತೀಯ, ನನ್ನ ಎಬ್ಬಿಸು" ಅಂದರೆ, "ಅದೂ ಒಂದು ಜೀವ ಅಲ್ವೇನೇ, ಚಳಿಯಲ್ಲಿ ಕೂಗ್ತಿರುತ್ತೆ" ಅನ್ನುತ್ತಿದ್ದರು. ಒಂದು ರಾತ್ರಿ ಕತ್ತಲಲ್ಲಿ ಆ ಇಟ್ಟಿಗೆಗೇ ಎಡವಿದರು. ಬೀಳಲಿಲ್ಲ, ಗೋಡೆ ಹಿಡಿದುಕೊಂಡರು. ಮಾರನೇ ದಿನವೇ ನಾನು ಟೇಪ್ ತೆಗೆದುಕೊಂಡು ಕೂತೆ.

ಮೊದಲು ಬೇಡ ಅಂದವರೂ ಅಮ್ಮನೇ. "ನಮ್ಮಜ್ಜಿ ಮನೇಲಿ ಮೂರು ಬೆಕ್ಕಿದ್ವು, ಯಾವ ಬಾಗಿಲಿಗೂ ತೂತಿರಲಿಲ್ಲ" ಅಂದರು. ಆ ಮಾತು ನಿಜ. ಆದರೆ ಅದು ಮಾಳಿಗೆ ಮನೆ. ಮೇಲೆ ಮಣ್ಣಿನ ಮಾಳಿಗೆ, ಅದರಲ್ಲಿ ಬೆಳಕಿಗೆ ಅಂತ ಗವಾಕ್ಷಿ, ಬಚ್ಚಲಿಗೆ ನೀರು ಹೋಗುವ ಕಿಂಡಿ, ಹಟ್ಟಿಗೆ ಬಾಗಿಲೇ ಇಲ್ಲ. ಬೆಕ್ಕಿಗೆ ಹತ್ತು ದಾರಿ ಇದ್ದವು. ಈಗ ಆರ್‌ಸಿಸಿ ಮನೆ. ಕಿಟಕಿಗೆ ಸೊಳ್ಳೆ ಜಾಲರಿ, ಬಚ್ಚಲಿಗೆ ಸ್ಟೀಲ್ ಜಾಲಿ. ಆ ಹತ್ತೂ ದಾರಿ ಮುಚ್ಚಿದ್ದು ನಾವೇ ಅಲ್ವಾ? ಒಂದನ್ನು ತಿರುಗಿ ಕೊಟ್ಟಿದ್ದೇವೆ ಅಷ್ಟೇ. ಇದು ಹೊಸ ಕಾಲದ ಶೋಕಿಯೂ ಅಲ್ಲ. ಇಂಗ್ಲೆಂಡಿನ ಎಕ್ಸೆಟರ್ ಕೆಥೆಡ್ರಲ್ ಅನ್ನುವ ಹಳೇ ಚರ್ಚಿನಲ್ಲಿ ದೊಡ್ಡ ಗಡಿಯಾರದ ಕೆಳಗಿನ ಬಾಗಿಲಿಗೆ ಬೆಕ್ಕಿಗೆಂದೇ ಕೊರೆದ ದುಂಡು ತೂತು ನೂರಾರು ವರ್ಷಗಳಿಂದ ಇದೆ. ಬೆಕ್ಕಿನ ಕಿಂಡಿಯನ್ನು ವಿಜ್ಞಾನಿ ನ್ಯೂಟನ್ ಕಂಡುಹಿಡಿದ ಅಂತ ಹೇಳುವ ಕಥೆ ಮಾತ್ರ ನಂಬುವಂಥದ್ದಲ್ಲ. ಅವನ ಜೊತೆ ಕೆಲಸ ಮಾಡಿದ ಸಹಾಯಕನೇ, ಅವನ ಕೋಣೆಯಲ್ಲಿ ನಾಯಿಯೂ ಇರಲಿಲ್ಲ ಬೆಕ್ಕೂ ಇರಲಿಲ್ಲ ಅಂತ ಬರೆದಿಟ್ಟಿದ್ದಾನೆ.

ಮುಂಬಾಗಿಲಿಗೆ ನಾವು ಕೈ ಹಚ್ಚಲಿಲ್ಲ. ಹೊಸ್ತಿಲಿಗೆ ಅರಿಸಿನ ಕುಂಕುಮ ಇಡುವ ಬಾಗಿಲು ಅದು, ಅಮ್ಮನ ಮನಸ್ಸಿಗೆ ನೋವಾಗುವುದು ಬೇಡ. ಹಿತ್ತಲ ಬಾಗಿಲು ಹಳೇ ಪ್ಯಾನಲ್ ಬಾಗಿಲು. ಸುತ್ತ ದಪ್ಪ ಮರದ ಚೌಕಟ್ಟು, ನಡುವೆ ತೆಳು ಹಲಗೆ. ಕೊರೆಯಬೇಕಾದದ್ದು ಹಲಗೆಯಲ್ಲಿ ಮಾತ್ರ. ಚೌಕಟ್ಟಿಗೆ ಗರಗಸ ತಾಗಿದರೆ ಬಾಗಿಲಿನ ಬಲವೇ ಹೋಗುತ್ತದೆ, ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಸೊಟ್ಟಗಾಗುತ್ತದೆ. ನಿಮ್ಮದು ಎರಡೂ ಕಡೆ ನುಣುಪು ಹಾಳೆ ಅಂಟಿಸಿದ ಫ್ಲಶ್ ಡೋರ್ ಆದರೆ ಕೊರೆದ ಅಂಚಿನಲ್ಲಿ ಒಳಗಿನ ತುಂಡುಗಳು ಕಾಣುತ್ತವೆ. ನಾಲ್ಕೂ ಕಡೆ ಮರದ ಪಟ್ಟಿ ಕೂರಿಸಿ, ಪ್ರೈಮರ್ ಹೊಡೆಸಲೇಬೇಕು. ಇಲ್ಲದಿದ್ದರೆ ನೀರು ಕುಡಿದು ಉಬ್ಬುತ್ತದೆ. ಕಬ್ಬಿಣದ ಶೀಟಿನ ಬಾಗಿಲಾದರೆ ವೆಲ್ಡಿಂಗ್ ಅಂಗಡಿಯವರೇ ಗ್ರೈಂಡರ್ ಹಿಡಿದು ಕತ್ತರಿಸಿಕೊಡುತ್ತಾರೆ. ಕಾಯಿಸಿ ಗಟ್ಟಿ ಮಾಡಿದ ಟಫನ್ಡ್ ಗಾಜಿಗೆ ಮಾತ್ರ ಆಮೇಲೆ ತೂತು ಹಾಕಲು ಆಗುವುದಿಲ್ಲ, ಇಡೀ ಗಾಜು ಪುಡಿಯಾಗುತ್ತದೆ. ತೂತಿನ ಸಮೇತ ಹೊಸದನ್ನೇ ಮಾಡಿಸಬೇಕು.

ಅಳತೆಯ ಬಗ್ಗೆ ಜಾಸ್ತಿ ಹೇಳಬೇಕು. ತಪ್ಪಾಗುವುದು ಇಲ್ಲೇ. ಬೆಕ್ಕಿನ ಕಾಲರ್ ಮೂಳೆ ನಮ್ಮದರ ಹಾಗೆ ಬೇರೆ ಮೂಳೆಗೆ ಜೋಡಿಕೊಂಡಿಲ್ಲ, ಮಾಂಸದ ನಡುವೆ ಸಣ್ಣದಾಗಿ ಇದೆ. ಹಾಗಾಗಿ ಎದೆ ಕುಗ್ಗಿಸಿಕೊಂಡು ತಲೆ ಹೋದ ಕಡೆ ಮೈಯೂ ಹೋಗುತ್ತದೆ. ಆದರೆ ದಿನಕ್ಕೆ ಇಪ್ಪತ್ತು ಸಲ ಮೈ ಕುಗ್ಗಿಸು ಅನ್ನುವುದು ನ್ಯಾಯವಲ್ಲ. ಹೊಟ್ಟೆಯ ಅತಿ ಅಗಲದ ಜಾಗ ಅಳೆದು, ಅದಕ್ಕಿಂತ ಎರಡು ಬೆರಳು ಜಾಸ್ತಿ ಇಡಿ. ಸಾಧಾರಣ ಬೆಕ್ಕಿಗೆ ಆರೂವರೆ ಇಂಚಿನ ಚೌಕ ಸಾಕು. ಮರಿ ಇದ್ದಾಗಲೇ ಹಾಕಿಸುವವರು ಬೆಳೆದ ಬೆಕ್ಕಿನ ಅಳತೆಗೇ ಹಾಕಿಸಿ. ಇನ್ನು ಎತ್ತರ. ಕಿಂಡಿಯ ಕೆಳ ಅಂಚು ನಿಂತ ಬೆಕ್ಕಿನ ಹೊಟ್ಟೆಯ ಮಟ್ಟಕ್ಕೆ ಇರಬೇಕು. ಚುಕ್ಕಿಗೆ ಅದು 5 ಇಂಚು.

ಇಲ್ಲೇ ನಾನು ಎಡವಿದ್ದು. ಒಳಗಿನ ನೆಲದಿಂದ ಅಳೆದಿದ್ದೆ. ಹೊರಗೆ ಹಿತ್ತಲು ಒಂದು ಮೆಟ್ಟಿಲು ಕೆಳಗಿದೆ. ಒಳಗಿಂದ 5 ಇಂಚು ಇದ್ದದ್ದು ಹೊರಗಿಂದ 11 ಇಂಚಾಯಿತು. ಚುಕ್ಕಿ ಹೊರಗೆ ಹೋಗುತ್ತಿದ್ದಳು, ಒಳಗೆ ಬರಲು ಮಾತ್ರ ಹಿಂಜರಿಯುತ್ತಿದ್ದಳು. ಕೊನೆಗೆ ಹೊರಗೆ ಒಂದು ಚಪ್ಪಡಿ ಕಲ್ಲು ಹಾಕಿದೆವು. ಆಮೇಲೆ ಸರಿಹೋಯಿತು.

ಕೊರೆದವರು ನಮ್ಮ ಬೀದಿಯ ಬಡಗಿ. ಕೆಲಸ ಹೇಳಿದಾಗ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. "ಒಂದ್ಸಲ ಕುಯ್ದ್ರೆ ತಿರುಗಿ ಅಂಟಲ್ಲ ಅಕ್ಕಾ, ನೋಡ್ಕಳ್ಳಿ." ಡಬ್ಬಿಯೊಳಗೆ ಬಂದಿದ್ದ ಕಾಗದದ ಅಚ್ಚನ್ನು ಹಲಗೆಗೆ ಅಂಟಿಸಿ, ಮಟ್ಟ ಹಿಡಿದು, ಪೆನ್ಸಿಲ್ ಗೆರೆ ಎಳೆದರು. ನಾಲ್ಕು ಮೂಲೆಗೂ ಡ್ರಿಲ್ ಹೊಡೆದು ಜಿಗ್‌ಸಾದಲ್ಲಿ ಕುಯ್ದರು. ಒಳಗಿನ ಚೌಕಟ್ಟು ಒಂದು ಕಡೆಯಿಂದ, ಹೊರಗಿನದು ಇನ್ನೊಂದು ಕಡೆಯಿಂದ, ನಡುವೆ ಸ್ಕ್ರೂ. ಮುಕ್ಕಾಲು ಗಂಟೆಯ ಕೆಲಸ. ಸ್ಕ್ರೂ ಕೈಯಲ್ಲೇ ಬಿಗಿ ಮಾಡಿಸಿ. ಜಾಸ್ತಿ ಬಿಗಿದರೆ ಪ್ಲಾಸ್ಟಿಕ್ ಬಾಗಿ, ಪುಟ್ಟ ಬಾಗಿಲು ಸಲೀಸಾಗಿ ಆಡುವುದಿಲ್ಲ.

ಕಳ್ಳನ ವಿಚಾರಕ್ಕೆ ಬರೋಣ. ಈ ಭಯ ಸುಮ್ನೆ ಅಲ್ಲ. ಆರೂವರೆ ಇಂಚಿನ ಕಿಂಡಿಯಲ್ಲಿ ಮನುಷ್ಯ ತೂರಲಾರ, ಕೈ ತೂರುತ್ತದೆ. ನಮ್ಮ ಕಡೆ ಹಿತ್ತಲ ಬಾಗಿಲಿಗೆ ಮೇಲೊಂದು ಕೆಳಗೊಂದು ಟವರ್ ಬೋಲ್ಟ್ ಹಾಕುವುದು ರೂಢಿ. ಕೆಳಗಿನದು ಕಿಂಡಿಯ ಪಕ್ಕದಲ್ಲೇ ಬರುತ್ತದೆ. ಅದು ಇದ್ದೂ ಇಲ್ಲದ ಹಾಗೆ. ನಾವು ಅದನ್ನು ತೆಗೆಸಿ ಎದೆ ಎತ್ತರದಲ್ಲಿ ಅಗಳಿ ಹಾಕಿಸಿದೆವು. ಕಿಂಡಿಯಿಂದ ಚಿಲಕಕ್ಕೆ ಒಂದು ತೋಳಿಗಿಂತ ಜಾಸ್ತಿ ದೂರ ಇರಬೇಕು. ಬೀಗದ ಕೈ ಕೂಡ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಬೇಡಿ.

ಹಾವಿನ ಪ್ರಶ್ನೆಗೆ ಉತ್ತರ ಕಿಂಡಿಯ ಪಕ್ಕದ ತಿರುಗುಗುಂಡಿಯಲ್ಲಿದೆ. ಅದಕ್ಕೆ ನಾಲ್ಕು ಸ್ಥಾನ: ಎರಡೂ ಕಡೆ ತೆರೆ, ಒಳಗೆ ಬರಲು ಮಾತ್ರ, ಹೊರಗೆ ಹೋಗಲು ಮಾತ್ರ, ಪೂರ್ತಿ ಬಂದ್. ಚುಕ್ಕಿಗೆ ರಾತ್ರಿ ಊಟ 8 ಗಂಟೆಗೆ. ಊಟದ ಹೊತ್ತು ನಿಗದಿಯಾಗಿದ್ದರೆ ಬೆಕ್ಕು ಗಡಿಯಾರಕ್ಕಿಂತ ಸರಿಯಾಗಿ ಬರುತ್ತದೆ. ಅವಳು ಬಂದ ಮೇಲೆ ಪೂರ್ತಿ ಬಂದ್. ಕಟ್ಟುಹಾವಿನಂಥವು ಓಡಾಡುವುದೇ ರಾತ್ರಿ, ಆಗ ನಮ್ಮ ಕಿಂಡಿ ಗೋಡೆಯಷ್ಟೇ ಗಟ್ಟಿ. ಎಂದೋ ಒಂದು ದಿನ ಅವಳು ತಡ ಮಾಡಿದರೆ ಮಾತ್ರ "ಒಳಗೆ ಬರಲು ಮಾತ್ರ" ಇಟ್ಟು ಮಲಗುತ್ತೇವೆ. ಅಮ್ಮ ಏಳಬೇಕಿಲ್ಲ. ಹಗಲು ಹೊತ್ತಿನಲ್ಲಿ ಅಯಸ್ಕಾಂತದ ಪಟ್ಟಿ ಬಾಗಿಲನ್ನು ಕಚ್ಚಿ ಹಿಡಿದಿರುತ್ತದೆ. ದೊಡ್ಡ ಹಾವು ತಳ್ಳಿದರೆ ತೆರೆಯಲೇಬಾರದು ಅಂತಿಲ್ಲ. ಆದರೆ ಹೋಗಿ ನಿಮ್ಮ ಹಿತ್ತಲ ಬಾಗಿಲಿನ ಅಡಿಯ ಸಂದು ನೋಡಿ. ಕಿರುಬೆರಳು ತೂರುವಷ್ಟಿದ್ದರೆ ಹಾವಿನ ಮರಿಗೂ ಚೇಳಿಗೂ ಅಷ್ಟು ಸಾಕು, ಅದಕ್ಕೆ ತಳ್ಳುವ ಕಷ್ಟವೂ ಇಲ್ಲ. ನಾವು ಕಿಂಡಿ ಹಾಕಿಸಿದ ದಿನವೇ ಅಡಿಗೆ ರಬ್ಬರ್ ಪಟ್ಟಿ ಹೊಡೆಸಿದೆವು.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದೇ ಇದ್ದದ್ದು ಗಾಳಿ. ಸುತ್ತ ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿದ ಊರಿದು. ಹಿತ್ತಲ ಬಾಗಿಲು ಪಡುವಲಕ್ಕೆ. ಆಷಾಢ ಬಂತು, ಪುಟ್ಟ ಬಾಗಿಲು ಹಗಲೆಲ್ಲ ಟಕಟಕ ಬಡಿದುಕೊಂಡಿತು. ಚುಕ್ಕಿ ಹೆದರಿ ಹತ್ತಿರ ಹೋಗುವುದನ್ನೇ ಬಿಟ್ಟಳು. ಕಿಂಡಿಯಿಂದ ಎರಡಡಿ ದೂರಕ್ಕೆ ಇನ್ನೊಂದು ಚಪ್ಪಡಿಯನ್ನು ನಿಲ್ಲಿಸಿ ಹೂತೆವು. ಗಾಳಿ ಅದಕ್ಕೆ ಬಡಿದು ಪಕ್ಕಕ್ಕೆ ಹೋಗುತ್ತದೆ, ಬೆಕ್ಕು ಅದರ ಮರೆಯಿಂದ ಹಿತ್ತಲನ್ನು ಇಣುಕಿ ನೋಡಿ ಆಮೇಲೆ ಹೊರಡುತ್ತದೆ. ಅದು ಅವಳಿಗೆ ಎಷ್ಟು ಇಷ್ಟವೋ! ಬಯಲಿಗೆ ಒಮ್ಮೆಲೇ ತಲೆ ಹಾಕುವುದು ಬೆಕ್ಕಿನ ಜಾಯಮಾನವಲ್ಲ.

ಕಲಿಸುವುದು ಹೇಗೆ ಅಂತಲೂ ಕೇಳುತ್ತಾರೆ. ದಯವಿಟ್ಟು ಬೆಕ್ಕನ್ನು ಹಿಡಿದು ಕಿಂಡಿಯೊಳಗೆ ನೂಕಬೇಡಿ. ಒಂದು ಸಲ ಹೆದರಿದರೆ ತಿಂಗಳಾದರೂ ಆ ಕಡೆ ಸುಳಿಯುವುದಿಲ್ಲ. ಮೊದಲ ವಾರ ಪುಟ್ಟ ಬಾಗಿಲನ್ನು ಪೂರ್ತಿ ಎತ್ತಿ ಟೇಪು ಅಂಟಿಸಿಬಿಡಿ. ಬರೀ ತೂತು. ಆಚೆ ಕೂತು ಹೆಸರು ಹಿಡಿದು ಕರೆಯಿರಿ, ಬೇಯಿಸಿದ ಮೊಟ್ಟೆಯ ಚೂರು ಕೊಡಿ. ಎರಡನೇ ವಾರ ಅರ್ಧ ಇಳಿಸಿ. ಆಮೇಲೆ ಪೂರ್ತಿ. ಚುಕ್ಕಿಗೆ ಹದಿನೆಂಟು ದಿನ ಹಿಡಿಯಿತು. ಮೊದಲ ಸಲ ತಾನಾಗಿ ತಳ್ಳಿಕೊಂಡು ಬಂದಾಗ ಅಮ್ಮ ಒಗ್ಗರಣೆ ಬಿಟ್ಟು ಬಂದು ಅವಳ ತಲೆ ಸವರಿದರು.

ಬೀದಿಯ ಗಂಡುಬೆಕ್ಕುಗಳು ನುಗ್ಗುವುದು ನಿಜವಾದ ತೊಂದರೆ. ಅದಕ್ಕೆ ಮೊದಲ ಮದ್ದು ನಿಮ್ಮ ಬೆಕ್ಕಿಗೆ ಸಂತಾನಹರಣ ಆಪರೇಷನ್. ಐದಾರು ತಿಂಗಳ ವಯಸ್ಸಿಗೆಲ್ಲ ಮಾಡಿಸಬಹುದು. ಹೊರಗೆ ಓಡಾಡುವ ಬೆಕ್ಕಿಗೆ ರೇಬಿಸ್ ಲಸಿಕೆ ತಪ್ಪಿಸಲೇಬೇಡಿ. ಇವೆರಡೂ ಆಗದೆ ಕಿಂಡಿ ಹಾಕಿಸಬೇಡಿ ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಚಿಪ್ ಓದಿ ತೆರೆಯುವ ಕಿಂಡಿಗಳೂ ಇವೆ. ಅಕ್ಕಿ ಕಾಳಿನಷ್ಟು ದೊಡ್ಡ ಚಿಪ್ಪನ್ನು ಡಾಕ್ಟರು ಭುಜದ ನಡುವಿನ ಚರ್ಮದ ಕೆಳಗೆ ಇಡುತ್ತಾರೆ. ಅದಕ್ಕೆ ಬ್ಯಾಟರಿ ಇಲ್ಲ, 15 ಅಂಕಿಯ ಒಂದು ಸಂಖ್ಯೆ ಇರುತ್ತದೆ. ಕಿಂಡಿ ಆ ಸಂಖ್ಯೆ ಗುರುತಿಸಿದರೆ ಮಾತ್ರ ಚಿಲಕ ಬಿಡುತ್ತದೆ. ಬೆಲೆ ಜಾಸ್ತಿ. ಅಕ್ಕಪಕ್ಕ ಬೆಕ್ಕು ತುಂಬಾ ಇದ್ದರೆ ಆ ದುಡ್ಡು ದಂಡವಲ್ಲ.

ಬಾಡಿಗೆ ಮನೆಯವರು ಬಾಗಿಲು ಮುಟ್ಟಬೇಕಿಲ್ಲ. ಸರಳುಗಳ ನಡುವೆ ಬೆಕ್ಕು ತೂರುವಷ್ಟು ಜಾಗ ಇರುವ ಕಿಟಕಿ ಇದ್ದರೆ ಒಂದು ಗಾಜು ಬಿಚ್ಚಿಟ್ಟು, ಅದೇ ಅಳತೆಯ ಪ್ಲೈವುಡ್ ಕೂರಿಸಿ, ಅದರಲ್ಲಿ ಕಿಂಡಿ ಮಾಡಿಸಿ. ಮನೆ ಬಿಡುವಾಗ ಗಾಜು ವಾಪಸ್ ಹಾಕಿದರೆ ಆಯಿತು.

ಒಂದು ದುಃಖವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಒಂದು ಸಂಜೆ ಚುಕ್ಕಿ ಅರೆಜೀವದ ಅಳಿಲನ್ನು ಕಚ್ಚಿಕೊಂಡು ಕಿಂಡಿಯಿಂದ ಒಳಗೆ ಬಂದಳು. ಬಿಡಿಸಿದೆವು, ಉಳಿಯಲಿಲ್ಲ. ಅವತ್ತಿನಿಂದ ಬೆಳಗ್ಗೆ ಬಿಸಿಲು ಬೀಳುವವರೆಗೆ ಕಿಂಡಿ ತೆಗೆಯುವುದಿಲ್ಲ, ಸಂಜೆ ಹಕ್ಕಿಗಳು ಗೂಡು ಸೇರುವ ಹೊತ್ತಿಗೇ ಅವಳನ್ನು ಒಳಗೆ ಕರೆದು ಆಡಿಸುತ್ತೇವೆ. ಒಳಗೊಂದು ಮರಳಿನ ತಟ್ಟೆ ಇಟ್ಟಿದ್ದೇವೆ.

ಈಗ ಗುಂಡಿ ತಿರುಗಿಸುವ ಕೆಲಸ ಅಮ್ಮನದು. ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು ಒಳಗೆ ಬಂದವರು ಹಿತ್ತಲ ಕಡೆ ಹೋಗುತ್ತಾರೆ. ಚುಕ್ಕಿ ಆಗಲೇ ಕಿಂಡಿಯ ಮುಂದೆ ಬಾಲ ಸುತ್ತಿಕೊಂಡು ಕೂತಿರುತ್ತಾಳೆ. ಪಕ್ಕದ ಮನೆಯ ಅಜ್ಜಿ ಹೋದ ವಾರ ತಮ್ಮ ಬೆಕ್ಕನ್ನು ಮಡಿಲಲ್ಲಿ ಇಟ್ಟುಕೊಂಡು ಬಂದು, "ಅಳತೆ ಹೆಂಗೆ ತಗೀಬೇಕು ತೋರ್ಸು" ಅಂದರು. ಹೊರಗಿನ ನೆಲದಿಂದಲೂ ಅಳೆಯಿರಿ ಅಂತ ಮೊದಲೇ ಹೇಳಿದೆ.