ಆಲ್ಫ್ರೆಡ್ ದೊರೆಯ ಜಾಡಿನಲ್ಲಿ: ವಿಂಚೆಸ್ಟರ್ ಒಂದೇ ಸಾಲದು

ದಕ್ಷಿಣ ಇಂಗ್ಲೆಂಡಿನ ಹಳೆಯ ರಾಜ್ಯವಾದ ವೆಸೆಕ್ಸಿನ ದೊರೆ ಆಲ್ಫ್ರೆಡ್‌ನ ಊರುಗಳನ್ನು ನೋಡಬೇಕೆಂದು ಇಂಗ್ಲೆಂಡಿಗೆ ಹೊರಡುವವರು, ಅವನು ಕಟ್ಟಿಸಿದ ಅರಮನೆಯಾಗಲಿ ಮಠವಾಗಲಿ ಇಂದು ಎಲ್ಲಿಯೂ ನಿಂತಿಲ್ಲವೆಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. 871ರಿಂದ 899ರವರೆಗೆ ಆಳಿದ ಈ ದೊರೆಯ ಮುಖ್ಯ ಕುರುಹುಗಳು ವಿಂಚೆಸ್ಟರ್, ಆಕ್ಸ್‌ಫರ್ಡ್ ಮತ್ತು ಸಾಮರ್ಸೆಟ್‌ಗಳಲ್ಲಿ ಚದುರಿಹೋಗಿವೆ. ವಿಂಚೆಸ್ಟರ್ ನೋಡಿದರೆ ಮುಗಿಯಿತೆಂದು ಭಾವಿಸುವವರಿಗೆ ನನ್ನ ಸಲಹೆ ಇಷ್ಟೇ: ಅಲ್ಲಿಗೆ ಅರ್ಧ ದಿನ ಸಾಕು, ಉಳಿದ ಸಮಯವನ್ನು ಸಾಮರ್ಸೆಟ್‌ಗೆ ಮೀಸಲಿಡಿ.

ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ವಿಂಚೆಸ್ಟರ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಹೈ ಸ್ಟ್ರೀಟ್ ಹಿಡಿದು ಇಳಿಯುತ್ತ ಹೋದರೆ, ಕೊನೆಯಲ್ಲಿ ಕತ್ತಿಯನ್ನು ಶಿಲುಬೆಯಂತೆ ಎತ್ತಿ ಹಿಡಿದ ಆಲ್ಫ್ರೆಡ್‌ನ ಪ್ರತಿಮೆ ಎದುರಾಗುತ್ತದೆ. ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಈ ಪ್ರತಿಮೆ 1901ರದು. ಅದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು, ಹೈ ಸ್ಟ್ರೀಟಿಗೆ ಅಡ್ಡವಾಗಿ ಒಂದೇ ಅಳತೆಯಲ್ಲಿ ಹೊರಡುವ ಬೀದಿಗಳ ಸಾಲು. ವೈಕಿಂಗರ ದಾಳಿಯನ್ನು ತಡೆಯಲು ಕೋಟೆಯೂರುಗಳ ಜಾಲವನ್ನು ಹೆಣೆದ ಕಾಲದ ವಿನ್ಯಾಸದ ಅಚ್ಚು ಅದರಲ್ಲಿ ಉಳಿದಿದೆ. ಆಲ್ಫ್ರೆಡ್‌ನನ್ನು ಮೊದಲು ಹೂಳಿದ ಹಳೆಯ ಮಿನ್‌ಸ್ಟರ್ ಚರ್ಚಿನ ತಳಪಾಯದ ರೇಖೆಯನ್ನು ಕ್ಯಾಥೆಡ್ರಲ್‌ನ ಪಕ್ಕದ ಹುಲ್ಲಿನಲ್ಲಿ ಇಟ್ಟಿಗೆಯಿಂದ ಗುರುತಿಸಿದ್ದಾರೆ. ಇದನ್ನು ನೋಡಲು ಟಿಕೆಟ್ ಬೇಕಿಲ್ಲ. ಕ್ಯಾಥೆಡ್ರಲ್‌ನ ಒಳಗಿನ ಪೆಟ್ಟಿಗೆಗಳಲ್ಲಿರುವ ರಾಜರ ಮೂಳೆಗಳನ್ನು ಆಲ್ಫ್ರೆಡ್‌ನವೆಂದು ತಿಳಿದು ಟಿಕೆಟ್ ಕೊಳ್ಳಬೇಡಿ. ಅವನ ಅವಶೇಷಗಳನ್ನು 1110ರಲ್ಲಿ ಊರಾಚೆಯ ಹೈಡ್ ಮಠಕ್ಕೆ ಸಾಗಿಸಲಾಯಿತು. ಮಠ ನಾಶವಾಗಿ, 1788ರಲ್ಲಿ ಅದೇ ನೆಲದಲ್ಲಿ ಸೆರೆಮನೆ ಕಟ್ಟುವಾಗ ಗೋರಿಗಳು ಚೆಲ್ಲಾಪಿಲ್ಲಿಯಾದವು. ಅಲ್ಲಿ ಅಗೆದಾಗ ಸಿಕ್ಕಿದ್ದ ಸೊಂಟದ ಮೂಳೆಯ ಒಂದು ತುಂಡು ಆಲ್ಫ್ರೆಡ್‌ನದೋ ಅವನ ಮಗ ಎಡ್ವರ್ಡ್‌ನದೋ ಆಗಿರಬಹುದೆಂದು 2014ರಲ್ಲಿ ತಜ್ಞರು ಪ್ರಕಟಿಸಿದರು. ಈಗ ಹೈಡ್ ಅಬ್ಬೆ ಗಾರ್ಡನ್ನಿನಲ್ಲಿ ದೊರೆ, ರಾಣಿ ಮತ್ತು ಮಗನ ಗೋರಿಗಳಿದ್ದ ಸ್ಥಳವನ್ನು ತೋರಿಸುವ ಮೂರು ಕಲ್ಲುಚಪ್ಪಡಿಗಳಿವೆ.

ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಉಚಿತ. ಅಲ್ಲಿರುವ 'ಆಲ್ಫ್ರೆಡ್ ಜ್ಯುವೆಲ್' ಹೆಬ್ಬೆರಳಿನಷ್ಟೇ ಉದ್ದದ ಚಿನ್ನದ ಒಡವೆಯಾದ್ದರಿಂದ ಅವಸರದಲ್ಲಿ ನಡೆದರೆ ಕಣ್ತಪ್ಪಿಹೋಗುತ್ತದೆ. ಸ್ಫಟಿಕದ ಕೆಳಗೆ ದಪ್ಪ ಕಣ್ಣಿನ ಎನಾಮೆಲ್ ಆಕೃತಿ ಕುಳಿತಿದೆ. ಎದುರಿನಿಂದಷ್ಟೇ ನೋಡದೆ ಬಗ್ಗಿ ಅಂಚನ್ನು ನೋಡಿ: 'ಆಲ್ಫ್ರೆಡ್ ನನ್ನನ್ನು ಮಾಡಿಸಿದನು' ಎಂಬ ಹಳೆಯ ಇಂಗ್ಲಿಷ್ ಅಕ್ಷರಗಳನ್ನು ಜಾಲಂದರದಂತೆ ಚಿನ್ನದಲ್ಲೇ ಕೊರೆದಿದ್ದಾರೆ. ತುದಿಯಲ್ಲಿ ಪ್ರಾಣಿಯೊಂದರ ತಲೆಯಿದ್ದು, ಅದರ ಬಾಯಲ್ಲಿ ಕಡ್ಡಿ ಸಿಕ್ಕಿಸುವ ಕೊಳವೆಯಿದೆ. ಓದುವಾಗ ಸಾಲಿನ ಮೇಲೆ ಆಡಿಸುವ ಕಡ್ಡಿಯ ಹಿಡಿ ಇದಾಗಿರಬಹುದೆಂಬುದು ವಿದ್ವಾಂಸರ ಊಹೆ. ಲ್ಯಾಟಿನ್ ಗ್ರಂಥಗಳನ್ನು ಜನರ ನುಡಿಗೆ ತರಿಸಿ, ಪ್ರತಿಯೊಂದರ ಜೊತೆಗೂ ಬೆಲೆಬಾಳುವ ಇಂಥದೊಂದು ಸಾಧನವನ್ನು ಬಿಷಪ್ಪರಿಗೆ ಕಳುಹಿಸುವುದಾಗಿ ಆಲ್ಫ್ರೆಡ್ ತಾನೇ ಬರೆದಿದ್ದಾನೆ. ಇಡೀ ಪ್ರವಾಸದಲ್ಲಿ ದೊರೆಯನ್ನು ಇಷ್ಟು ಹತ್ತಿರದಿಂದ ಕಾಣಿಸುವ ವಸ್ತು ನನಗೆ ಬೇರೊಂದು ಸಿಗಲಿಲ್ಲ. ಭಾರತೀಯರಿಗೆ ಇನ್ನೊಂದು ಕುತೂಹಲವೂ ಇದೆ: 883ರಲ್ಲಿ ಅವನು ಸಂತ ಥಾಮಸ್ ಮತ್ತು ಸಂತ ಬಾರ್ತೊಲೋಮಿಯೋರ ಹೆಸರಿನಲ್ಲಿ ಭಾರತಕ್ಕೆ ಕಾಣಿಕೆ ಕಳುಹಿಸಿದನೆಂದು ಆಂಗ್ಲೋ-ಸ್ಯಾಕ್ಸನ್ ಕಾಲಾನುಕ್ರಮಣಿಕೆಯ ಕೆಲವು ಪ್ರತಿಗಳು ಹೇಳುತ್ತವೆ.

ಅವನು 849ರಲ್ಲಿ ಹುಟ್ಟಿದ ಊರೆನ್ನಲಾದ ವಾಂಟೇಜ್‌ನಲ್ಲಿ ರೈಲು ನಿಲ್ದಾಣವಿಲ್ಲ. ಮಾರುಕಟ್ಟೆಯ ನಡುವೆ 1877ರ ಪ್ರತಿಮೆಯಿದೆ. ಸಮಯ ಕಡಿಮೆಯಿದ್ದರೆ ಇದನ್ನು ಬಿಡಬಹುದು.

ಸಾಮರ್ಸೆಟ್‌ನ ಅಥೆಲ್ನಿಯನ್ನು ಮಾತ್ರ ಬಿಡಬೇಡಿ. 878ರ ಜನವರಿಯಲ್ಲಿ ವೈಕಿಂಗ್ ನಾಯಕ ಗುಥ್ರಮ್‌ನ ಸೇನೆ ಚಿಪ್ಪನ್‌ಹ್ಯಾಮ್‌ಗೆ ನುಗ್ಗಿದಾಗ ಆಲ್ಫ್ರೆಡ್ ಸಣ್ಣ ಪರಿವಾರದೊಂದಿಗೆ ಈ ಜೌಗುನೆಲಕ್ಕೆ ಸರಿದು, ಈಸ್ಟರ್ ಹೊತ್ತಿಗೆ ಇಲ್ಲಿ ಕೋಟೆ ಕಟ್ಟಿ, ಅದಾದ ಏಳನೆಯ ವಾರದಲ್ಲಿ ಹೊರಬಿದ್ದು ಎಡಿಂಗ್ಟನ್‌ನಲ್ಲಿ ಗೆದ್ದನು. ಇಲ್ಲಿ ಅಡಗಿದ್ದಾಗ ಅವನು ನೋಡಿಕೊಳ್ಳಬೇಕಾಗಿದ್ದ ರೊಟ್ಟಿಯನ್ನು ಗಮನವಿಲ್ಲದೆ ಸೀಯಿಸಿದ ಕಥೆ ಎಲ್ಲರ ಬಾಯಲ್ಲಿದ್ದರೂ ಅದು ಅವನು ಸತ್ತು ಬಹುಕಾಲವಾದ ಮೇಲೆ ಬರೆದದ್ದು. ಟಾಂಟನ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಾಡಿಗೆ ಕಾರು ಹಿಡಿಯುವುದು ಸುಲಭ. ಭಾನುವಾರದ ಹಳ್ಳಿ ಬಸ್ಸುಗಳನ್ನು ನೆಚ್ಚಬೇಡಿ. ಸಸ್ಯಾಹಾರಿಗಳು ಊಟವನ್ನು ಟಾಂಟನ್‌ನಲ್ಲೇ ಕಟ್ಟಿಸಿಕೊಳ್ಳುವುದು ಲೇಸು. 1801ರ ಸ್ಮಾರಕವಿರುವ ದಿಬ್ಬ ಖಾಸಗಿ ಹೊಲದಲ್ಲಿರುವುದರಿಂದ ಅದನ್ನು ದೂರದಿಂದಲೇ ನೋಡಬೇಕಾಗುತ್ತದೆ. ಆದ್ದರಿಂದ ಹತ್ತಿರದ ಬರೋಬ್ರಿಜ್‌ನಲ್ಲಿ ಬರೋ ಮಂಪ್ ಎಂಬ ಗುಡ್ಡವನ್ನು ಹತ್ತಿ. ಏರು ಕಡಿದಾದರೂ ಚಿಕ್ಕದು. ಒದ್ದೆ ಹುಲ್ಲು ಜಾರುವುದರಿಂದ ಹಿಡಿತವಿರುವ ಬೂಟು ಬೇಕು. ಮೇಲಿನ ಪಾಳು ಚರ್ಚಿನಿಂದ ನೋಡಿದರೆ, ಟೋನ್ ಮತ್ತು ಪ್ಯಾರೆಟ್ ನದಿಗಳು ಸೇರುವ ಆ ಸಮತಟ್ಟು ಬಯಲಿನಲ್ಲಿ ದಾರಿ ಬಲ್ಲವನನ್ನು ಹಿಡಿಯುವುದು ಶತ್ರುಸೇನೆಗೆ ಎಷ್ಟು ಕಷ್ಟವಾಗಿತ್ತೆಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ. ಚಳಿಗಾಲದಲ್ಲಿ ಈ ಬಯಲಿಗೆ ನೆರೆ ಬರುವುದುಂಟು, ರಸ್ತೆಯ ಸ್ಥಿತಿ ವಿಚಾರಿಸಿಯೇ ಹೊರಡಿ. ಸೋತ ಗುಥ್ರಮ್ ದೀಕ್ಷಾಸ್ನಾನ ಪಡೆದ ಆಲರ್ ಹಳ್ಳಿಯೂ ಇಲ್ಲಿಗೆ ಸಮೀಪ.

ಟಾಂಟನ್‌ನಿಂದ ಲಂಡನ್ನಿನ ಪ್ಯಾಡಿಂಗ್ಟನ್‌ಗೆ ವೆಸ್ಟ್‌ಬರಿ ಮಾರ್ಗದ ರೈಲು ಹಿಡಿದರೆ ಬಲಬದಿಯಲ್ಲಿ ಕುಳಿತುಕೊಳ್ಳಿ. ಗುಡ್ಡದ ಇಳಿಜಾರಿನಲ್ಲಿ ಮೂಡಿಸಿದ ಬಿಳಿ ಕುದುರೆಯ ದೊಡ್ಡ ಆಕೃತಿಯನ್ನು ಆಲ್ಫ್ರೆಡ್‌ನ ವಿಜಯದ ಗುರುತೆಂದು ಹೇಳುವವರಿದ್ದಾರೆ. ಅದರ ಈಗಿನ ರೂಪ 18ನೇ ಶತಮಾನದ್ದು. ಎಡಿಂಗ್ಟನ್ ಹಳ್ಳಿ ಅದನ್ನು ದಾಟಿದ ಮೇಲೆ ಅದೇ ಗುಡ್ಡಸಾಲಿನ ಬುಡದಲ್ಲಿದೆ.